ಮತ್ತೆ ಮತ್ತೆ ನುಡಿಸಿದ ಹೊಸತು: ರಾಬರ್ಟ್ ಸ್ಪಾನೋ ಅವರ ಅಟ್ಲಾಂಟಾ ವರ್ಷಗಳು

ರಾಬರ್ಟ್ ಸ್ಪಾನೋ 2001ರಿಂದ 2021ರವರೆಗೆ ಅಟ್ಲಾಂಟಾ ಸಿಂಫನಿ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕರಾಗಿದ್ದರು. ನಮ್ಮ ಕಾಲದಲ್ಲೇ ಬದುಕಿ ಬರೆಯುತ್ತಿರುವವರ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳಿಗೆ ಅಮೆರಿಕದ ದಕ್ಷಿಣದ ಈ ನಗರದಲ್ಲಿ ಕಾಯಂ ಕೇಳುಗರನ್ನು ದೊರಕಿಸಿಕೊಟ್ಟವರೆಂದು ಅವರಿಗೆ ಹೆಸರಿದೆ. ಮೊದಲ ಪ್ರಯೋಗಗಳ ಲೆಕ್ಕವನ್ನಷ್ಟೇ ಹಿಡಿದರೆ ಅವರನ್ನು ಮೀರಿಸುವ ನಿರ್ದೇಶಕರು ಸಿಕ್ಕಾರು. ಸ್ಪಾನೋ ಅವರ ಹೆಚ್ಚುಗಾರಿಕೆ ಇರುವುದು ಒಮ್ಮೆ ನುಡಿಸಿದ್ದನ್ನು ಮತ್ತೆ ನುಡಿಸಿದ್ದರಲ್ಲಿ, ಒಬ್ಬ ರಚನಕಾರನನ್ನು ಕರೆದ ಮೇಲೆ ವರ್ಷಗಟ್ಟಲೆ ಕೈಬಿಡದೆ ಇದ್ದುದರಲ್ಲಿ.

ಅವರು 1961ರಲ್ಲಿ ಒಹಾಯೋ ರಾಜ್ಯದ ಕಾನಿಯಾಟ್‌ನಲ್ಲಿ ಹುಟ್ಟಿ, ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ಬೆಳೆದವರು. ಓಬರ್ಲಿನ್‌ನಲ್ಲಿ ಓದಿದ ಮೇಲೆ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಮ್ಯಾಕ್ಸ್ ರುಡಾಲ್ಫ್ ಅವರ ಬಳಿ ವೃಂದ ನಿರ್ದೇಶನ ಕಲಿತರು. ಪಿಯಾನೋ ನುಡಿಸುತ್ತಾರೆ, ಸ್ವತಃ ರಚನೆಯನ್ನೂ ಮಾಡುತ್ತಾರೆ. 1990ರಿಂದ ಮೂರು ವರ್ಷ ಬಾಸ್ಟನ್ ಸಿಂಫನಿಯಲ್ಲಿ ಸಹಾಯಕ ನಿರ್ದೇಶಕರಾಗಿದ್ದು, 1996ರಿಂದ 2004ರವರೆಗೆ ಬ್ರೂಕ್ಲಿನ್ ಫಿಲ್‌ಹಾರ್ಮೋನಿಕ್ ನಡೆಸಿದರು.

ಅಟ್ಲಾಂಟಾದ ನೆಲ ಆಗಲೇ ಹದವಾಗಿತ್ತು. 1967ರಿಂದ 1988ರವರೆಗೆ ಅಲ್ಲಿದ್ದ ರಾಬರ್ಟ್ ಶಾ 1970ರಲ್ಲಿ ವೃಂದಕ್ಕೆ ಜೊತೆಯಾಗಿ ದೊಡ್ಡದೊಂದು ಗಾಯಕ ತಂಡವನ್ನು ಕಟ್ಟಿದ್ದರು. ಅದರ ಸದಸ್ಯರು ಸಂಬಳವಿಲ್ಲದೆ ಹಾಡುವ ಊರಿನ ಜನ. ಆಲ್ವಿನ್ ಸಿಂಗಲ್ಟನ್ ಅವರನ್ನು 1985ರಲ್ಲಿ ನಿವಾಸಿ ರಚನಕಾರರಾಗಿ ಕರೆಸಿದ್ದೂ ಶಾ ಅವರ ಕಾಲದಲ್ಲೇ. ಸ್ಪಾನೋ ಅವರ ಸಾಧನೆಯನ್ನು ಹೇಳುವವರು ಈ ಹಿನ್ನೆಲೆಯನ್ನು ಬಿಟ್ಟುಬಿಡುವುದುಂಟು, ಅದು ನ್ಯಾಯವಲ್ಲ. ಮುಂದೆ ಕ್ರಿಸ್ಟಫರ್ ಥಿಯೋಫನಿಡಿಸ್ ಅವರು ರೂಮಿಯ ಕವಿತೆಗಳನ್ನಿಟ್ಟುಕೊಂಡು ಬರೆದ ‘ದ ಹಿಯರ್ ಅಂಡ್ ನೌ’ನಂಥ ಗಾಯನಪ್ರಧಾನ ಕೃತಿಗೆ ಅಟ್ಲಾಂಟಾದಲ್ಲಿ ತಯಾರಾದ ಕಂಠಗಳು ಸಿಕ್ಕಿದ್ದು ಶಾ ಅವರ ದುಡಿಮೆಯಿಂದ.

ಜೆನಿಫರ್ ಹಿಗ್ಡನ್, ಓಸ್ವಾಲ್ಡೋ ಗೋಲಿಹೋವ್, ಥಿಯೋಫನಿಡಿಸ್, ಮೈಕೆಲ್ ಗ್ಯಾಂಡಾಲ್ಫಿ, ಅನಂತರ ಆಡಮ್ ಶೋನ್‌ಬರ್ಗ್: ಇವರ ಕೂಟಕ್ಕೆ ‘ಅಟ್ಲಾಂಟಾ ಸ್ಕೂಲ್’ ಎಂಬ ಹೆಸರು ಬಂತು. ಅದಕ್ಕೆ ಕಟ್ಟಡವಿಲ್ಲ, ಪಠ್ಯಕ್ರಮವಿಲ್ಲ. ಇವರಲ್ಲಿ ಹಿಗ್ಡನ್ ಅವರ ನಂಟು ಎಲ್ಲಕ್ಕಿಂತ ಹಳೆಯದು. ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಅವರು ಸ್ಪಾನೋ ಅವರ ಶಿಷ್ಯೆ. ತೀರಿಕೊಂಡ ತಮ್ಮನ ನೆನಪಿಗೆ ಹಿಗ್ಡನ್ ಬರೆದ ‘ಬ್ಲೂ ಕೆಥೀಡ್ರಲ್’ ಕೃತಿಯನ್ನು 2000ದಲ್ಲಿ ಕರ್ಟಿಸ್ ವಿದ್ಯಾರ್ಥಿವೃಂದದಿಂದ ಮೊದಲು ನುಡಿಸಿದವರು ಸ್ಪಾನೋ. ಅಕ್ಕ ನುಡಿಸುತ್ತಿದ್ದ ಕೊಳಲು, ತಮ್ಮ ನುಡಿಸುತ್ತಿದ್ದ ಕ್ಲ್ಯಾರಿನೆಟ್ ಅದರಲ್ಲಿ ಮಾತಾಡಿಕೊಳ್ಳುತ್ತವೆ. ಕೊನೆಗೆ ಕ್ಲ್ಯಾರಿನೆಟ್ ಒಂದೇ ಮುಂದೆ ಸಾಗುತ್ತದೆ. ಇಂದು ಅಮೆರಿಕದಲ್ಲಿ ಅತಿ ಹೆಚ್ಚು ನುಡಿಸಲಾಗುವ ಹೊಸ ಕೃತಿಗಳಲ್ಲಿ ಇದೂ ಒಂದು. 2002ರ ‘ಸಿಟಿ ಸ್ಕೇಪ್’ ಅಟ್ಲಾಂಟಾ ನಗರದ್ದೇ ಚಿತ್ರ. ಅದರ ಕೊನೆಯ ಭಾಗಕ್ಕೆ ಅಲ್ಲಿನ ಪೀಚ್‌ಟ್ರೀ ಬೀದಿಯ ಹೆಸರಿದೆ.

ಪುನರಾವರ್ತನೆಗೆ ಇಷ್ಟು ಬೆಲೆ ಏಕೆಂದು ತಿಳಿಯಲು ಅಲ್ಲಿನ ಕೆಲಸದ ಕ್ರಮವನ್ನು ನೋಡಬೇಕು. ಅಮೆರಿಕದ ವೃಂದಗಳಲ್ಲಿ ಒಂದು ವಾರದ ಕಾರ್ಯಕ್ರಮಕ್ಕೆ ಸಿಗುವುದು ಸಾಮಾನ್ಯವಾಗಿ ನಾಲ್ಕೇ ತಾಲೀಮು. ಬ್ರಾಮ್ಸ್‌ನ ಸಿಂಫನಿಯಾದರೆ ಪ್ರತಿಯೊಬ್ಬ ವಾದಕನ ಕೈಯಲ್ಲೂ ಅದು ಮೊದಲೇ ಇರುತ್ತದೆ. ಹೊಸ ಕೃತಿಗೆ ಹಿಂದಿನ ಧ್ವನಿಮುದ್ರಿಕೆಯೂ ಇಲ್ಲ, ಸ್ವರಲಿಪಿಯಲ್ಲಿನ ತಪ್ಪುಗಳೂ ಅಲ್ಲೇ ಸಿಕ್ಕಿಬೀಳಬೇಕು. ಹೀಗೆ ಹೊರಟ ಕೃತಿ ಒಂದು ವಾರ ಕೇಳಿಸಿ ಕಪಾಟು ಸೇರುವುದೇ ರೂಢಿ. ಕರ್ನಾಟಕ ಸಂಗೀತದ ರಸಿಕರಿಗೆ ಇದರ ನಷ್ಟ ಬೇಗ ಅರ್ಥವಾದೀತು: ಹತ್ತು ಕಛೇರಿಗಳಲ್ಲಿ ಹತ್ತು ಬಗೆಯಾಗಿ ಕೇಳಿದ ಮೇಲೆಯೇ ಕೃತಿಯೊಂದು ಕಿವಿಗೆ ಸ್ವಂತವಾಗುವುದು. ಸ್ಪಾನೋ ಆ ಅವಕಾಶವನ್ನು ಹೊಸಬರಿಗೆ ಕೊಟ್ಟರು. ಪರಿಚಿತ ಕೃತಿಗಳ ಪಕ್ಕದಲ್ಲೇ ಹೊಸದನ್ನು ಕೂರಿಸಿದರು. 2003ರ ‘ರೈನ್‌ಬೋ ಬಾಡಿ’ ಧ್ವನಿಮುದ್ರಿಕೆಯಲ್ಲಿ ಹಿಗ್ಡನ್, ಥಿಯೋಫನಿಡಿಸ್ ಅವರ ಜೊತೆಗೆ ಕೋಪ್ಲಂಡ್ ಮತ್ತು ಬಾರ್ಬರ್ ಇದ್ದಾರೆ. ಕೇಳುತ್ತ ಹೋದರೆ ಹಳೆಯದು ಎಲ್ಲಿ ಮುಗಿಯಿತು ಎಂಬ ಗಡಿಯೇ ಮಸುಕಾಗುತ್ತದೆ.

ಧ್ವನಿಮುದ್ರಿಕೆಗಳಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ಗೋಲಿಹೋವ್ ಅವರ ‘ಐನಾದಾಮಾರ್’ ಒಪೆರಾ. ಕವಿ ಲೋರ್ಕಾನ ಕೊಲೆಯನ್ನು ನಟಿ ಮಾರ್ಗರೀತಾ ಶಿರ್ಗೂ ನೆನೆಯುವ ಈ ಕೃತಿಯ ಮೊದಲ ಪ್ರಯೋಗವನ್ನು 2003ರಲ್ಲಿ ಟ್ಯಾಂಗಲ್‌ವುಡ್‌ನಲ್ಲಿ ನಡೆಸಿಕೊಟ್ಟವರೂ ಸ್ಪಾನೋ ಅವರೇ. ಡಾನ್ ಅಪ್‌ಶಾ ಹಾಡಿದ ಅಟ್ಲಾಂಟಾ ಧ್ವನಿಮುದ್ರಿಕೆಗೆ 2007ರಲ್ಲಿ ಎರಡು ಗ್ರ್ಯಾಮಿ ಬಂದವು. ಫ್ಲಮೆಂಕೋ ಲಯ, ಗುಂಡಿನ ಸದ್ದು, ಹೆಂಗಸರ ಮೇಳ ಎಲ್ಲವೂ ಅದರಲ್ಲಿ ಒಂದೇ ಉಸಿರಿನಲ್ಲಿ ನಿಂತಿವೆ. ಗ್ಯಾಂಡಾಲ್ಫಿಯವರ ‘ದ ಗಾರ್ಡನ್ ಆಫ್ ಕಾಸ್ಮಿಕ್ ಸ್ಪೆಕ್ಯುಲೇಷನ್’ ಅಷ್ಟು ಗಟ್ಟಿಯಲ್ಲ. ಸ್ಕಾಟ್ಲೆಂಡಿನ ತೋಟವೊಂದನ್ನು ಕುರಿತ ಆ ಬಿಡಿಚಿತ್ರಗಳ ಬಣ್ಣ ಚೆಲುವಾದರೂ ಅವುಗಳನ್ನು ಬಿಗಿಯುವ ಹುರಿ ಸಡಿಲ.

ಈ ಕೂಟದ ಮಿತಿಯೂ ಇಲ್ಲಿಯೇ ಕಾಣುತ್ತದೆ. ಎಲ್ಲರಲ್ಲೂ ರಾಗದ ಒಲವು, ಹೊಳೆಯುವ ವಾದ್ಯಸಂಯೋಜನೆ, ಕೇಳುಗನನ್ನು ಕೈಹಿಡಿದು ನಡೆಸುವ ಸೌಜನ್ಯ. ಕಿವಿಗೆ ಒಗರಾದ, ತಕರಾರು ಎಬ್ಬಿಸುವ ಸಂಗೀತಕ್ಕೆ ಅಷ್ಟೇ ಹಟದ ಬೆಂಬಲ ಸಿಗಲಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಆಫ್ರಿಕನ್ ಅಮೆರಿಕನ್ನರ ಬದುಕಿನ ಕೇಂದ್ರಗಳಲ್ಲೊಂದಾದ ನಗರದ ಹೆಸರು ಹೊತ್ತ ಕೂಟದ ಈ ಐವರಲ್ಲಿ ಕಪ್ಪುಜನಾಂಗದ ಒಬ್ಬ ರಚನಕಾರರೂ ಇಲ್ಲ. ಕಪ್ಪುಜನಾಂಗದವರೇ ಆದ ಸಿಂಗಲ್ಟನ್ ಅವರು ಅಟ್ಲಾಂಟಾದಲ್ಲೇ ನೆಲೆಸಿದ್ದರೆಂಬುದನ್ನು ನೆನೆದಾಗ ಈ ಗೈರು ಇನ್ನಷ್ಟು ನೋಯಿಸುತ್ತದೆ.

ಹೊಸ ಸಂಗೀತಕ್ಕೆ ಹಣ ಕೊಡುವವರು ಬೇಕು. ರಿಚರ್ಡ್ ಸ್ಟ್ರಾಸ್‌ನ ‘ಫೋರ್ ಲಾಸ್ಟ್ ಸಾಂಗ್ಸ್’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಮೈಸೂರಿನ ಜಯಚಾಮರಾಜ ಒಡೆಯರ್ ಹಣದ ಹೊಣೆ ಹೊತ್ತದ್ದರಿಂದ. ರಷ್ಯಾದ ರಚನಕಾರ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರೂ ಅವರೇ. ಅಟ್ಲಾಂಟಾದಲ್ಲಿ ಅಂಥ ಒಡೆಯರಿರಲಿಲ್ಲ. ಧ್ವನಿಮುದ್ರಿಕೆಗಳನ್ನು ತರುತ್ತಿದ್ದ ಟೆಲಾರ್ಕ್ ಕಂಪನಿ 2009ರಲ್ಲಿ ತನ್ನ ಧ್ವನಿಮುದ್ರಣ ವಿಭಾಗವನ್ನು ಮುಚ್ಚಿದ ಮೇಲೆ, ವೃಂದವೇ 2011ರಲ್ಲಿ ತನ್ನದೇ ಲೇಬಲ್ ತೆರೆಯಿತು. 2012ರಲ್ಲಿ, ಮತ್ತೆ 2014ರಲ್ಲಿ ಸಂಬಳದ ವಿವಾದದಿಂದ ವಾದಕರಿಗೆ ಬಾಗಿಲು ಹಾಕಲಾಯಿತು. ಎರಡನೆಯ ಸಲ ಅದು ಸುಮಾರು ಎರಡು ತಿಂಗಳು ನಡೆಯಿತು. ಸ್ಪಾನೋ ಮತ್ತು ಪ್ರಧಾನ ಅತಿಥಿ ನಿರ್ದೇಶಕ ಡಾನಲ್ಡ್ ರನ್ನಿಕಲ್ಸ್ ಬಹಿರಂಗ ಪತ್ರ ಬರೆದು ವಾದಕರ ಪರ ನಿಂತರು. ಇಂಥ ಜಗಳದಲ್ಲಿ ಸಂಗೀತ ನಿರ್ದೇಶಕರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅವರ ವೃತ್ತಿಜೀವನದಲ್ಲಿ ಗೌರವಕ್ಕೆ ಅರ್ಹವಾದ ಘಟ್ಟಗಳಲ್ಲಿ ಇದನ್ನೂ ಎಣಿಸಬೇಕು.

ಹೊಸತನ್ನೇ ಹಿಡಿದವರೆಂಬ ಹಣೆಪಟ್ಟಿ ಅವರಿಗೆ ಪೂರ್ತಿ ಒಪ್ಪುವುದಿಲ್ಲ. ಸಿಯಾಟಲ್‌ನಲ್ಲಿ 2005 ಮತ್ತು 2009ರಲ್ಲಿ ವಾಗ್ನರ್‌ನ ‘ರಿಂಗ್’ ನಡೆಸಿದರು; ಮೊದಲ ಗ್ರ್ಯಾಮಿಗಳು ಬಂದದ್ದು ವಾನ್ ವಿಲಿಯಮ್ಸ್‌ನ ‘ಎ ಸೀ ಸಿಂಫನಿ’ಗೆ. 2011ರಿಂದ ಆಸ್ಪೆನ್ ಉತ್ಸವ, 2022ರಿಂದ ಫೋರ್ಟ್ ವರ್ತ್ ವೃಂದ ಅವರ ಕೈಯಲ್ಲಿವೆ. ಥಿಯೋಫನಿಡಿಸ್ ಅವರ ‘ಕ್ರಿಯೇಷನ್/ಕ್ರಿಯೇಟರ್’ ಹಿಡಿದು 2017ರಲ್ಲಿ ಅಟ್ಲಾಂಟಾ ವೃಂದ ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ಗೆ ಬಂದಿತ್ತು. 2025-26ರ ಋತುವಿನಿಂದ ವಾಷಿಂಗ್ಟನ್ ನ್ಯಾಷನಲ್ ಒಪೆರಾ ಅವರನ್ನು ಸಂಗೀತ ನಿರ್ದೇಶಕರಾಗಿ ನೇಮಿಸಿಕೊಂಡಿದೆ.