ವಾರದ ಮಾತ್ರೆ

ಸೋಮವಾರ ಮಾಡುವವರು, ಶನಿವಾರ ಮಾಡುವವರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಇವತ್ತು ಒಪ್ಪತ್ತು ಎಂದು ಅವರಿಗೆ ಯಾರೂ ನೆನಪಿಸಬೇಕಿಲ್ಲ. ಹೀಗೆ ವಾರ ಹಿಡಿಯುವ ನಾಡಿಗೆ ವಾರಕ್ಕೊಂದು ನುಂಗುವ ಗರ್ಭನಿರೋಧಕ ಮಾತ್ರೆ ಹೇಳಿ ಮಾಡಿಸಿದಂತಿದೆ. ಸೆಂಟ್‌ಕ್ರೋಮನ್ ಅದರ ಹೆಸರು. ಅಂಗಡಿಯಲ್ಲಿ ‘ಸಹೇಲಿ’, ಸರ್ಕಾರಿ ಆಸ್ಪತ್ರೆಯಲ್ಲಿ ‘ಛಾಯಾ’. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ರೂಪಿಸಿದ ತಂಡದ ಮುಂದಾಳು ನಿತ್ಯ ಆನಂದ್ (1925–2024).

ಲಾಯಲ್‌ಪುರದಲ್ಲಿ ಹುಟ್ಟಿದವರು. ಬಣ್ಣಗಳ ರಸಾಯನಶಾಸ್ತ್ರಕ್ಕೆ ಹೆಸರಾದ ಕೆ. ವೆಂಕಟರಾಮನ್ ಅವರ ಬಳಿ ಮುಂಬೈಯಲ್ಲಿ ಒಂದು ಪಿಎಚ್‌.ಡಿ., ಕೇಂಬ್ರಿಜ್‌ನಲ್ಲಿ ಅಲೆಗ್ಸಾಂಡರ್ ಟಾಡ್ ಬಳಿ ಇನ್ನೊಂದು. 1951ರಲ್ಲಿ ಗೋಮತಿ ದಂಡೆಯ ಹಳೆಯ ಅರಮನೆ ಛತ್ತರ್ ಮಂಜಿಲ್‌ನಲ್ಲಿ ಸಂಸ್ಥೆ ಬಾಗಿಲು ತೆರೆದಾಗ ಬಂದು ಸೇರಿ, 1974ರಿಂದ 1984ರವರೆಗೆ ಅದರ ನಿರ್ದೇಶಕರಾಗಿದ್ದರು. ಪದವಿಗಳ ಲೆಕ್ಕ ಇಷ್ಟು ಸಾಕು.

ಅವರ ಕಸುಬುದಾರಿಕೆ ಕಾಣುವುದು ಅಣುವಿನ ಮೈಕಟ್ಟಿನಲ್ಲಿ. ಈಸ್ಟ್ರೋಜನ್ನನ್ನು ತಡೆಯಬಲ್ಲ ಟ್ರೈಅರೈಲ್ ಎಥಿಲೀನ್‌ಗಳು ಆಗಲೇ ಗೊತ್ತಿದ್ದವು. ಅವಕ್ಕೊಂದು ತೊಡಕು: ಒಂದೇ ಸಂಯುಕ್ತಕ್ಕೆ ಎರಡು ಭಂಗಿ. ಒಂದು ಹಾರ್ಮೋನಿಗೆ ಅಡ್ಡ ನಿಂತರೆ ಇನ್ನೊಂದು ಹಾರ್ಮೋನಿನಂತೆಯೇ ನಡೆದುಕೊಂಡೀತು. ಲಖನೌ ತಂಡ ಆ ಅಣುಗಳ ತೋಳುಗಳನ್ನು ಕ್ರೋಮನ್ ಎಂಬ ಉಂಗುರಕ್ಕೆ ಬಿಗಿದು, ಎರಡು ಗುಂಪುಗಳನ್ನು ಎದುರು ಬದಿಗಳಲ್ಲಿ ನಿಲ್ಲಿಸಿತು. ಹುಟ್ಟಿದ್ದು ಸ್ಟೀರಾಯ್ಡ್ ಅಲ್ಲದ ಮಾತ್ರೆ. ಅದು ಅಂಡೋತ್ಪತ್ತಿಯನ್ನು ಅದರ ಪಾಡಿಗೆ ಬಿಟ್ಟು, ಗರ್ಭಕೋಶದ ಒಳಪದರದಲ್ಲಿ ಭ್ರೂಣ ನೆಲೆಯೂರದಂತೆ ಮಾಡುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ವಾರದ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಇಬ್ಬರು ಸಹಲೇಖಕರೊಡನೆ 1970ರಲ್ಲಿ ಆನಂದ್ ತಂದ ಸಾವಯವ ಸಂಶ್ಲೇಷಣೆಯ ಪುಸ್ತಕದ ಹೆಸರಿನಲ್ಲಿ ‘ಆರ್ಟ್’ ಎಂಬ ಪದವಿದೆ. ಜಂಬದ ಮಾತೆನ್ನಿಸಿದವರು ಈ ಅಣುವಿನ ಚಿತ್ರವನ್ನೊಮ್ಮೆ ನೋಡಬೇಕು.

ಇದೇ ಸಂಸ್ಥೆ ಗುಗ್ಗುಳದಿಂದ ತೆಗೆದ ಕೊಲೆಸ್ಟ್ರಾಲ್ ಮದ್ದು ಗುಗುಲಿಪಿಡ್‌ಗೆ ಈ ಬಿಗಿ ಇಲ್ಲ. ಧೂಪಕ್ಕೆ ಹಾಕುವ ಗುಗ್ಗುಳ ಹಲವು ಪದಾರ್ಥಗಳ ಬೆರಕೆ. 2003ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಅದರ ಸಾರ ತೆಗೆದುಕೊಂಡವರ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುವ ಬದಲು ತುಸು ಏರಿತು. ಪರಂಪರೆಯಿಂದ ಎತ್ತಿಕೊಂಡದ್ದಕ್ಕಿಂತ ತಾವೇ ಕಟ್ಟಿದ್ದರಲ್ಲಿ ಲಖನೌದವರ ಕೈ ಮೇಲು ಎಂದೇ ನನ್ನ ಎಣಿಕೆ.

ಆದರೂ ಸಹೇಲಿಯ ಚೆಲುವಿನಲ್ಲೇ ಒಂದು ಊನವಿದೆ. ಹಳೆಯ ಮಾತ್ರೆಗಳ ವಾಕರಿಕೆ, ತಲೆಸುತ್ತು ಇದರಲ್ಲಿ ಕಡಿಮೆ, ನಿಜ. ಕೆಲವರಿಗೆ ಮುಟ್ಟು ಮುಂದಕ್ಕೆ ಹೋಗುತ್ತದೆ, ಅಷ್ಟೆ. ಔಷಧಶಾಸ್ತ್ರದ ಪುಸ್ತಕದಲ್ಲಿ ಇದು ಅರ್ಧ ಸಾಲಿನ ಅಡ್ಡಪರಿಣಾಮ. ಬಸಿರು ಬೇಡವೆಂದು ಮಾತ್ರೆ ನುಂಗಿದವಳಿಗೆ ಮುಟ್ಟು ನಿಂತರೆ? ಮಾತ್ರೆ ಗೆದ್ದಾಗಲೂ ಸೋತಂತೆಯೇ ಕಾಣುತ್ತದೆ. ಗೋಡೆಯ ಕ್ಯಾಲೆಂಡರನ್ನು ಮತ್ತೆ ಮತ್ತೆ ನೋಡುವ ಅವಳ ಎದೆಬಡಿತವನ್ನು ಇಲಿಗಳ ಮೇಲಿನ ಪ್ರಯೋಗ ಅಳೆದೀತು ಹೇಗೆ? ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದು ಎಂಬ ತಿರುವಿನಲ್ಲಂತೂ ವಾರ ಹಿಡಿದು ಪಳಗಿದವರೂ ತಡವರಿಸುತ್ತಾರೆ. ಎದುರು ಕೂತು ತಿಳಿಸಿ ಹೇಳುವವರು ಇಲ್ಲದಿದ್ದರೆ ಇಂಥ ಮಾತ್ರೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

1960ರ ದಶಕದ ಅಣು ಅಂಗಡಿಗೆ ಬಂದದ್ದು 1991ರಲ್ಲಿ. ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗತೊಡಗಿದ್ದು 2017ರಲ್ಲಿ. ಈ ತಡದ ಹೊಣೆಯನ್ನೆಲ್ಲ ರಸಾಯನಶಾಸ್ತ್ರಜ್ಞನ ತಲೆಗೆ ಕಟ್ಟುವುದು ಅನ್ಯಾಯ. ಹತ್ತು ವರ್ಷ ಸಂಸ್ಥೆ ನಡೆಸಿದವರನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ತಡವೆನ್ನುವುದು ಅವರನ್ನೂ ಬಿಡಲಿಲ್ಲ. ಪದ್ಮಶ್ರೀ ಬಂದಾಗ 2012, ಅವರಿಗೆ 87.