ಕಾಳಾ ಘೋಡಾದ ಉಪಾಹಾರ ಮತ್ತು ನಮ್ಮ ಹೊಟೇಲುಗಳು

ಮರಾಠಿ, ಇಂಗ್ಲಿಷ್ ಎರಡರಲ್ಲಿಯೂ ಬರೆದ ಅರುಣ ಕೊಲಟಕರರ 'ಕಾಳಾ ಘೋಡಾ ಪೋಯಮ್ಸ್' ಸಂಕಲನ, ಅವರು ತೀರಿಕೊಂಡ 2004ರಲ್ಲಿಯೇ ಹೊರಬಂದಿತು. ಅದರಲ್ಲಿ 'ಬ್ರೇಕ್‌ಫಾಸ್ಟ್ ಟೈಮ್ ಆಟ್ ಕಾಳಾ ಘೋಡಾ' ಎಂಬೊಂದು ದೀರ್ಘ ಕವಿತೆಯಿದೆ. ಮುಂಬಯಿಯಲ್ಲಿ ಅನ್ನ ಕಂಡುಕೊಂಡ ಕನ್ನಡಿಗರು ಓದಲೇಬೇಕಾದ ಕವಿತೆಯಿದು. ಹಳೆಯ ಹೊಟೇಲುಗಳು ಒಂದೊಂದಾಗಿ ಕಣ್ಮರೆಯಾಗುತ್ತಿರುವ ಈ ಕಾಲದಲ್ಲಿ ಅದನ್ನು ಮೆಚ್ಚಿದರಷ್ಟೇ ಸಾಲದು, ಅದರೊಡನೆ ಸ್ವಲ್ಪ ವಾದಿಸಲೂ ಬೇಕು.

ಕವಿತೆಯಲ್ಲಿ ಊರಿನ ಉಪಾಹಾರಗೃಹಗಳ ಒಂದು ಪಟ್ಟಿ ಬರುತ್ತದೆ. ಹೊಟೇಲಿನ ಹೆಸರು, ಅಲ್ಲಿ ಬೆಳಿಗ್ಗೆ ಸಿಗುವ ತಿಂಡಿ, ಇಷ್ಟೇ. ಖೀಮಾ ಪಾವಿನ ಅಂಗಡಿ, ಬ್ರುನ್ ಮಸ್ಕಾದ ಇರಾಣಿ ಹೊಟೇಲು, ಉಪ್ಪಿಟ್ಟು-ಶಿರಾ ಬಡಿಸುವ ನಮ್ಮ ಮಾದರಿಯ ಹೊಟೇಲು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂಡುತ್ತವೆ. ಮೇಲು ಕೀಳೆಂಬ ಮಾತಿಲ್ಲ, ಮಡಿ ಮೈಲಿಗೆಯ ಮಾತೂ ಇಲ್ಲ. ಹಸಿವಿನ ಹೊತ್ತಿಗೆ ಊರೆಲ್ಲ ಒಂದು ಎಂಬ ತತ್ತ್ವವನ್ನು ಭಾಷಣವಿಲ್ಲದೆ ಬರಿಯ ಪಟ್ಟಿಯಿಂದಲೇ ಸಾಧಿಸಿರುವುದು ಸಣ್ಣ ಸಾಮರ್ಥ್ಯವಲ್ಲ.

ಕವಿ ಅಲ್ಲಿಗೇ ನಿಲ್ಲುವುದಿಲ್ಲ. ಅಗ್ಗದ ಹೊಟೇಲಿಗೂ ಕಾಲಿಡಲಾರದವರು ಎಲ್ಲಿ ತಿನ್ನುತ್ತಾರೆಂದು ನೋಡುತ್ತಾರೆ. ಬೀದಿಯ ನಡುವಿನ ಮುಕ್ಕೋನೆಯ ಕಟ್ಟೆಗೆ ಇಡ್ಲಿಯ ಡಬ್ಬಿಯೊಡನೆ ಒಬ್ಬ ಹೆಂಗಸು ಬರುತ್ತಾಳೆ. ಕಾಲುದಾರಿಯ ನಿವಾಸಿಗಳೆಲ್ಲ ನೆರೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿದು ಕಟ್ಟೆ ಮೊದಲಿನಂತೆ ಬರಿದಾಗುತ್ತದೆ. ಆ ಇಡ್ಲಿಯ ಮೇಲೆ ಕವಿಗಿರುವ ಪ್ರೀತಿಯನ್ನು ಕಂಡಾಗ ನಮ್ಮ ಅಡಿಗೆಮನೆಯ ಒಂದು ವಸ್ತುವಿಗೆ ಇಷ್ಟು ಗೌರವ ನಾವೇ ಕೊಟ್ಟಿಲ್ಲವಲ್ಲ ಎನ್ನಿಸುತ್ತದೆ.

ನನ್ನ ತಕರಾರು ಇಲ್ಲಿಂದ ಶುರು. ಹೊಟೇಲು ಎಂದರೆ ಕಟ್ಟಡವಲ್ಲ, ಹಸಿದವರು ಕೂಡಿದ ಕಡೆಯೆಲ್ಲ ಹೊಟೇಲೇ ಎಂಬ ಭಾವನೆಯನ್ನು ಕವಿತೆ ಮೂಡಿಸುತ್ತದೆ. ಕೇಳುವುದಕ್ಕೆ ಸೊಗಸು. ಆದರೆ ಇದನ್ನೇ ನಂಬಿದರೆ ಕಟ್ಟಡ ಬಿದ್ದಾಗ ದುಃಖಿಸಲು ಕಾರಣವಿಲ್ಲ, ತಿಂಡಿ ಇನ್ನೊಂದು ಕಡೆ ಸಿಕ್ಕೀತು. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ಹುಡುಗನಿಗೆ ಹೊಟೇಲು ತಿಂಡಿಯ ಜಾಗ ಮಾತ್ರವಾಗಿರಲಿಲ್ಲ. ಊರಿನಿಂದ ಕಾಗದ ಬರುವ ವಿಳಾಸ ಅದು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳೇ ಅವನ ಹಾಸಿಗೆ. ಕಪ್ಪು ಬಸಿ ತೊಳೆದ ಕೈ ಒರಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಹೊರಡುತ್ತಿದ್ದುದೂ ಅಲ್ಲಿಂದಲೇ. ಮೇಲೊಂದು ಸೂರಿದ್ದುದರಿಂದಲೇ ಮಾಣಿ ಗಲ್ಲೆಯವರೆಗೆ ಬರಲು ಸಾಧ್ಯವಾಯಿತು. ಕಟ್ಟೆಯ ಮೇಲಿನ ಅರೆಗಳಿಗೆಯ ಊಟಕ್ಕೆ ಆ ಶಕ್ತಿಯಿಲ್ಲ.

ಕೊಲಟಕರರು ಇದನ್ನು ಕಾಣದೆ ಹೋದದ್ದು ಅಚ್ಚರಿಯಲ್ಲ. ಅವರು ನೋಡಿದ್ದು 'ವೇಸೈಡ್ ಇನ್' ಹೊಟೇಲಿನ ಕಿಟಕಿಯ ಬದಿಯ ಮೇಜಿನಿಂದ. ಅಲ್ಲಿಂದ ಬೀದಿ ಕಾಣುತ್ತದೆ, ಒಳಗಿನ ಅಡಿಗೆಮನೆ ಕಾಣುವುದಿಲ್ಲ. ಈಗ ಆ ವೇಸೈಡ್ ಇನ್ ಕೂಡ ಇಲ್ಲ. ಕಾಳಾ ಘೋಡಾಕ್ಕೆ ಹೆಸರು ತಂದ ಕಪ್ಪು ಕುದುರೆಯ ಪ್ರತಿಮೆ 1965ರಲ್ಲಿಯೇ ಭಾಯಖಳಾದ ರಾಣಿಬಾಗಿಗೆ ಹೋಯಿತು. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದನ್ನು ತಂದು ನಿಲ್ಲಿಸಿದರು. ಹೊಟೇಲಿಗೆ ಅಂಥ ಭಾಗ್ಯವಿಲ್ಲ.

ಅದಕ್ಕೆ ಕಾರಣ ಜನರ ರುಚಿ ಬದಲಾದದ್ದೊಂದೇ ಅಲ್ಲ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ 2018ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳಲ್ಲಿಯೂ ಹಳೆಯ ಸೆಸ್ ಕಟ್ಟಡಗಳ ಪುನರ್ನಿರ್ಮಾಣಕ್ಕೆ ಒಂದೇ ಬಗೆಯ ಲೆಕ್ಕ: ಇದ್ದ ಬಾಡಿಗೆದಾರರಿಗೆ ಜಾಗ, ಬಿಲ್ಡರನಿಗೆ ಹೆಚ್ಚಿನ ಎಫ್.ಎಸ್.ಐ. ಲೆಕ್ಕ ಚದರಡಿಯದು. ನಮ್ಮ ಎಷ್ಟೋ ಹೊಟೇಲುಗಳು ನಡೆದದ್ದು 'ಕಂಡಕ್ಟಿಂಗ್' ಕರಾರಿನ ಮೇಲೆ. ಬಾಡಿಗೆಯ ರಸೀದಿಯಲ್ಲಿ ಇನ್ನೊಬ್ಬರ ಹೆಸರಿದ್ದರೆ ಬೆವರು ಸುರಿಸಿದವನಿಗೆ ಹಕ್ಕಿಲ್ಲ. ಹಕ್ಕಿದ್ದವನೂ ಕಟ್ಟಡ ಏಳುವವರೆಗೆ ವರ್ಷಗಟ್ಟಲೆ ಒಲೆ ಆರಿಸಿ ಕೂರಬೇಕು. ಅಷ್ಟರಲ್ಲಿ ಗಿರಾಕಿ ಚದುರುತ್ತಾನೆ, ಭಟ್ಟ ಊರು ಸೇರುತ್ತಾನೆ. ಕೊನೆಗೆ ಸಿಕ್ಕುವ ಗಾಜಿನ ಮಳಿಗೆಯ ನಿರ್ವಹಣೆಯ ವೆಚ್ಚವನ್ನು ಚಹಾ ಮಾರಿ ತೆರಲಾದೀತೆ?

ಎಲ್ಲವೂ ಅಳಿಯಿತೆಂದು ಗೋಳಾಡಬೇಕಾಗಿಲ್ಲ. ಎ. ರಾಮನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಊಟ ಬಡಿಸುತ್ತಿದೆ. ಹಳೆಯ ಚಾಳುಗಳು ಸುಭದ್ರವೆಂದೂ ನಾನು ಹೇಳುವುದಿಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆದವರು ಹೊಸ ಮನೆ ಬಯಸುವುದು ನ್ಯಾಯವೇ. ಆದರೆ ಆ ಮನೆಯ ಕರಾರಿಗೆ ಸಹಿ ಹಾಕುವ ಸೊಸೈಟಿಗಳಲ್ಲಿ ನಮ್ಮವರೂ ಇದ್ದಾರೆ. ಕೆಳಮಾಳಿಗೆಯ ಹೊಟೇಲಿನವನ ಗತಿಯೇನೆಂದು ಸಭೆಯಲ್ಲಿ ಕೇಳಿದವರೆಷ್ಟು ಮಂದಿ? ಹೊಟೇಲು ಮುಚ್ಚಿದ ಮೇಲೆ ಅದರ ದೋಸೆಯನ್ನು ನೆನೆದು ಲೇಖನ ಬರೆಯುವುದು ಸುಲಭ.

ಜಯಂತ ಕಾಯ್ಕಿಣಿಯವರ ಕಥೆಗಳು ಈ ನಗರದ ನೆಲೆಯಿಲ್ಲದವರನ್ನು ಕನ್ನಡಕ್ಕೆ ತಂದವು. ಅವುಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿಯೂ ಬಂತು. ಕೊಲಟಕರರ ಪಟ್ಟಿಯನ್ನು ಮುಂದುವರಿಸುವ ಕೆಲಸ ಇನ್ನೂ ಉಳಿದಿದೆ. ತಿಂಡಿಯ ಹೆಸರಿನ ಜೊತೆಗೆ ಅದನ್ನು ಬೇಯಿಸಿದವನ ಹೆಸರು, ಅವನು ಮಲಗಿದ ಜಾಗ, ಓದಿದ ರಾತ್ರಿ ಶಾಲೆ, ಕಟ್ಟಡ ಬಿದ್ದ ವರ್ಷ ಇವೂ ಆ ಪಟ್ಟಿಗೆ ಸೇರಬೇಕು. ಇವನ್ನು ಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದಕ್ಕೆ ಕವಿಯೇ ಆಗಬೇಕೆಂದಿಲ್ಲ.