ಅಕ್ಕಿಯಿದ್ದೂ ಬಂದ ಕ್ಷಾಮ: ಅಮರ್ತ್ಯ ಸೇನ್ ಅವರ 'ಪಾವರ್ಟಿ ಅಂಡ್ ಫ್ಯಾಮಿನ್ಸ್'

ಬೆಳೆ ಕೈಕೊಟ್ಟರೆ ಕ್ಷಾಮ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು 1981ರಲ್ಲಿ ಪ್ರಕಟವಾದ ಅಮರ್ತ್ಯ ಸೇನ್ ಅವರ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಬುಡಸಮೇತ ಅಲುಗಾಡಿಸಿತು. ನಾಡಿನಲ್ಲಿ ಧಾನ್ಯ ಎಷ್ಟಿದೆ ಎಂಬುದೊಂದೇ ಸಾಲದು. ಬೆಳೆದೋ, ದುಡಿದೋ, ಕೊಂಡೋ ಅದನ್ನು ಯಾರು ದಕ್ಕಿಸಿಕೊಳ್ಳಬಲ್ಲರು ಎಂದು ನೋಡಬೇಕು ಎಂಬುದು ಅದರ ವಾದ.

ಕೃತಿಯ ಜೀವಾಳ 1943ರ ಬಂಗಾಳ ಕ್ಷಾಮದ ಅಧ್ಯಾಯ. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಆ ವರ್ಷ ಅಕ್ಕಿಯ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ 5ರಷ್ಟು ಮಾತ್ರ ಕಡಿಮೆಯಿತ್ತು. ಕ್ಷಾಮವಿಲ್ಲದ 1941ಕ್ಕಿಂತ ಶೇ 13ರಷ್ಟು ಹೆಚ್ಚೇ ಇತ್ತು ಎಂಬುದು ಸೇನ್ ಅವರ ಲೆಕ್ಕ. ಯುದ್ಧದ ಖರ್ಚು ಅಕ್ಕಿಯ ಬೆಲೆಯನ್ನು ಏರಿಸಿತು, ಹಳ್ಳಿಯ ಕೂಲಿ ಅದರ ಜೊತೆ ಏರಲಿಲ್ಲ. ಕೃಷಿ ಕೂಲಿಗಳೂ ಮೀನುಗಾರರೂ ಕುಸಿದರು. ಪಾಲಿಗೆ ಉಳುವವನೂ ಬಡವನೇ. ಆದರೆ ಅವನ ಪಾಲು ಧಾನ್ಯವಾಗಿಯೇ ಮನೆಗೆ ಬರುತ್ತಿದ್ದುದರಿಂದ ಅವನಿಗೆ ತಟ್ಟಿದ ಏಟು ಕಡಿಮೆ. 'ಬಡವರು' ಎಂದು ಒಟ್ಟಾಗಿ ಹೇಳಿ ಮುಗಿಸದೆ ಕಸುಬು ಕಸುಬಿಗೂ ಲೆಕ್ಕ ತೆಗೆಯುವ ಈ ಎಚ್ಚರವೇ ಕೃತಿಯ ದೊಡ್ಡ ಗೆಲುವು. 1974ರ ಬಾಂಗ್ಲಾದೇಶದ ಅಧ್ಯಾಯವೂ ಇದೇ ಜಾಡಿನದು: ಪ್ರವಾಹ ಕೂಲಿಯನ್ನು ಕಸಿದ ಆ ವರ್ಷ ತಲಾ ಆಹಾರ ಲಭ್ಯತೆ ಅಕ್ಕಪಕ್ಕದ ವರ್ಷಗಳಿಗಿಂತ ಹೆಚ್ಚಿತ್ತು.

ಸಾವಿನ ವಿವರಣೆಯಲ್ಲಿ ಮಾತ್ರ ಸಿದ್ಧಾಂತ ಸೊರಗುತ್ತದೆ. ಬಂಗಾಳದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸಿದ್ದು 1943 ಕಳೆದ ಮೇಲೆ, ಮಲೇರಿಯಾ, ಸಿಡುಬುಗಳು ಹಬ್ಬಿದಾಗ. ಸೇನ್ ಅವರೇ ಅನುಬಂಧದಲ್ಲಿ ಇದನ್ನು ತೋರಿಸಿದ್ದರೂ ರೋಗಕ್ಕೆ ಮುಖ್ಯ ವಾದದಲ್ಲಿ ತಕ್ಕ ಜಾಗವಿಲ್ಲ. 1989ರಲ್ಲಿ ಅಲೆಕ್ಸ್ ಡಿ ವಾಲ್ ಸುಡಾನಿನ ಡಾರ್ಫರ್ ಕ್ಷಾಮದ ಕುರಿತು ಬರೆದ ಕೃತಿ ಈ ಕೊರತೆಯನ್ನು ಎತ್ತಿ ತೋರಿಸಿತು. ಅಲ್ಲಿಯ ಜನ ಮುಂದಿನ ಬಾಳಿಗೆ ಬೇಕಾದ ದನಕರು, ಬಿತ್ತನೆ ಬೀಜಗಳನ್ನು ಉಳಿಸಿಕೊಳ್ಳಲು ತಾವೇ ಹೊಟ್ಟೆ ಕಟ್ಟಿದ್ದರು. ಅವರನ್ನು ಕೊಂದದ್ದು ಹೆಚ್ಚಾಗಿ ಕೆಟ್ಟ ನೀರು ಮತ್ತು ರೋಗ.

ಇನ್ನೊಂದು ಮಿತಿ ಇದಕ್ಕಿಂತ ಗಂಭೀರವಾದುದು. ಸೇನ್ ಅವರ ಚೌಕಟ್ಟು ನಿಂತಿರುವುದು ಕಾನೂನು ಒಪ್ಪಿದ ಒಡೆತನದ ಮೇಲೆ. ಲೂಟಿ ಅದರಾಚೆಗಿನದು ಎಂದು ಅವರೇ ಒಪ್ಪುತ್ತಾರೆ. ಆದರೆ ಯುದ್ಧಗಳಲ್ಲಿ ಹಸಿವನ್ನೇ ಆಯುಧ ಮಾಡಿಕೊಳ್ಳಲಾಗುತ್ತದೆ. 2018ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 2417ನೇ ನಿರ್ಣಯದಲ್ಲಿ ಇದನ್ನು ಖಂಡಿಸಿತು. 2024ರಲ್ಲಿ ಅದೇ ಡಾರ್ಫರಿನಲ್ಲಿ, ಯುದ್ಧದಿಂದ ನೆಲೆ ಕಳೆದುಕೊಂಡವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿತು. ಅಲ್ಲಿ ಬೆಲೆ, ಕೂಲಿಗಳ ಲೆಕ್ಕಕ್ಕೂ ಮೊದಲು ಕೇಳಬೇಕಾದದ್ದು ಆಹಾರ ಬರುವ ದಾರಿಯನ್ನು ಮುಚ್ಚಿದವರು ಯಾರು ಎಂಬುದನ್ನು.